ಹೆಡ್‌ಲೈಟಿನ ಹಿತ್ತಾಳೆ ಬಳೆ

ನಮ್ಮ ಅತ್ತೆ ತಾವು ಮಾಡಿದ ಎರಕವನ್ನು ತಾವೇ ಗುರುತು ಹಿಡಿಯಲಾರರು ಎಂದು ಯಾರಾದರೂ ಮೊದಲು ನನಗೆ ಹೇಳಿದ್ದರೆ ನಿಂತ ಕಾಲಲ್ಲೇ ಝಾಡಿಸಿಬಿಡುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅದನ್ನು ಮುಚ್ಚಿಟ್ಟು ಆಗಬೇಕಾದ್ದೇನೂ ಇಲ್ಲ, ಬೀದಿಗೆಲ್ಲ ಗೊತ್ತಿರುವ ವಿಷಯ. ಆದರೆ ಹಲ್ಲು ಡಾಕ್ಟರ ಕಾರಿನ ಕೆಲಸದಲ್ಲಿ ಯಾರ ಮೇಲೆ ಸಿಟ್ಟಾಗಬೇಕು ಎಂಬುದೇ ನನಗೆ ತಿಳಿಯದೆ ಹೋಯಿತು.

ನಮ್ಮದು ಹಿತ್ತಾಳೆ ಎರಕದ ಮನೆ. ಮುಂದಿನ ಕೋಣೆ ಅಂಗಡಿ, ಹಿಂದೆ ತಗಡಿನ ಮಾಡಿನ ಕೆಳಗೆ ಕುಲುಮೆ, ಅಲ್ಲೇ ಕಿಟಕಿಯ ಪಕ್ಕ ಅತ್ತೆಯ ಬೆಂಚು. ಬಾಗಿಲ ಹಿಡಿ, ಕೀಲು, ನಲ್ಲಿ, ಕಪಾಟಿನ ಮೂಲೆಪಟ್ಟಿ, ಯಾರು ಏನು ಕೇಳಿದರೂ ಅಚ್ಚು ತೆಗೆದು ಎರಕ ಹೊಯ್ದು ಕೊಡುತ್ತೇವೆ. ಮೇಣ, ಅಚ್ಚು, ಅರ ಹಾಕಿ ನಯ ಮಾಡುವುದು ಅತ್ತೆಯ ಕೆಲಸ. ಬೆಂಕಿ, ಲೋಹ ಕರಗಿಸುವ ಮೂಸೆ, ಇಕ್ಕಳ ನನ್ನವು. ಮಾಡಿದ್ದನ್ನು ಅಂಗಡಿ ಅಂಗಡಿಗೆ ಹಂಚಿ, ಗಿರಾಕಿಗಳ ಜೊತೆ ಮಾತಾಡಿಕೊಂಡು ಬರುವುದು ನಮ್ಮ ಯಜಮಾನರದು. ಬರೀ ಮಾತಿಗೆ ಸಂಬಳ ಸಿಗುವಂತಿದ್ದರೆ ನಾವು ಇಷ್ಟು ಹೊತ್ತಿಗೆ ಮಹಡಿ ಮನೆ ಕಟ್ಟಿರುತ್ತಿದ್ದೆವು.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಹಿತ್ತಾಳೆಗೂ ತಾಮ್ರಕ್ಕೂ ವ್ಯತ್ಯಾಸ ಗೊತ್ತಿರಲಿಲ್ಲ. ಅತ್ತೆ ಬೈದು ಬೈದು ಕಲಿಸಿದರು. "ಮೂಸೆ ನೋಡ್ಕೊಂಡು ಸುರಿಯೇ, ನನ್ನ ಮುಖದಲ್ಲೇನು ಕೋತಿ ಕುಣೀತಿದ್ಯಾ?" ಎನ್ನುವವರು. ನಾನೂ ಬಾಯಿ ಮುಚ್ಚಿಕೊಂಡು ಇರುವವಳಲ್ಲ, ಮಾತಿಗೆ ಮಾತು ಕೊಡುತ್ತಿದ್ದೆ. ನಾವಿಬ್ಬರೂ ಹಗಲೆಲ್ಲ ಜಗಳ ಆಡುತ್ತೇವೆ ಎಂದು ಅಕ್ಕಪಕ್ಕದವರು ತಿಳಿದಿದ್ದಾರೆ. ನಿಜ ಹೇಳಬೇಕೆಂದರೆ ಆ ಕಿಟಕಿಯ ಕಡೆಯಿಂದ ಅತ್ತೆಯ ದನಿ ಕೇಳದಿದ್ದರೆ ನನಗೆ ಕೈಯೇ ಓಡುವುದಿಲ್ಲ.

ಈಚೆಗೆ ಅತ್ತೆಗೆ ಮರೆವು ಶುರುವಾಗಿತ್ತು. ನನ್ನನ್ನು ತಮ್ಮ ತಂಗಿಯ ಹೆಸರು ಹಿಡಿದು ಕರೆಯುವುದು, ಒಲೆಯ ಮೇಲೆ ಹಾಲಿಟ್ಟು ಬೆಂಚಿಗೆ ಬಂದು ಕೂರುವುದು, ಇಂಥದ್ದು. ಒಂದು ಸಂಜೆ ಪಕ್ಕದ ಬೀದಿಯಲ್ಲಿ ಯಾರದೋ ಮನೆಯ ಮೆಟ್ಟಿಲ ಮೇಲೆ ಕೂತು, "ನನ್ನ ಮನೆ ಬಾಗಿಲು ಯಾಕೆ ಹಾಕ್ಕೊಂಡಿದೀರಿ?" ಎಂದು ಒಳಗಿದ್ದವರನ್ನು ಗದರಿಸುತ್ತಿದ್ದರಂತೆ. ಅವತ್ತಿನಿಂದ ಯಜಮಾನರು ಒಂದೇ ಹಟ ಹಿಡಿದರು.

"ಇದು ಬೆಂಕಿ ಇರೋ ಜಾಗ ಕಣೇ. ಅಮ್ಮನ್ನ ಇನ್ನು ಇಲ್ಲಿ ಕೂರಿಸೋದು ಬೇಡ. ಬೆಂಚು ತೆಗೆದುಬಿಡೋಣ," ಎಂದರು.

"ಬೆಂಚಿಂದ ಎಬ್ಬಿಸಿ ನೋಡಿ, ಒಂದೇ ತಿಂಗಳಲ್ಲಿ ಹಾಸಿಗೆ ಹಿಡೀತಾರೆ," ಎಂದೆ ನಾನು.

ಅತ್ತೆಗೆ ಎಲ್ಲ ಕೇಳಿಸಿತ್ತು. ಅರ ಕೆಳಗಿಟ್ಟರು. "ನಾನು ಇಲ್ಲಿಂದ ಎದ್ರೆ ಇನ್ನೆಲ್ಲಿ ಕೂರ್ಲಿ? ನಿನ್ನ ತಲೆ ಮೇಲಾ?" ಎಂದು ಮಗನನ್ನು ಕೇಳಿದರು. ನಗಿಸುವ ಹಾಗೆ ಕೇಳಿದರೂ ಅವರ ಎರಡು ಕೈಗಳೂ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದವು.

ಕೊನೆಗೆ ಯಜಮಾನರು ಒಂದು ಮಾತಿಗೆ ಒಪ್ಪಿದರು. ಹಲ್ಲು ಡಾಕ್ಟರ ಕೆಲಸ ಆಗಷ್ಟೇ ಬಂದಿತ್ತು. ಅದನ್ನು ಅಮ್ಮ ಎಡವಟ್ಟಿಲ್ಲದೆ ಮುಗಿಸಿದರೆ ಬೆಂಚು ಇದ್ದಲ್ಲೇ ಇರಲಿ, ಎಡವಟ್ಟಾದರೆ ಆಮೇಲೆ ಯಾರೂ ಬಾಯಿ ಬಿಡುವ ಹಾಗಿಲ್ಲ ಎಂದರು. ಸರಿ ಎಂದೆ. ಅತ್ತೆಯ ಕೈಯ ಮೇಲೆ ನನಗೆ ಅಷ್ಟು ನಂಬಿಕೆಯಿತ್ತು.

ಹಲ್ಲು ಡಾಕ್ಟರದು ಮುಖ್ಯರಸ್ತೆಯಲ್ಲಿ ದವಾಖಾನೆ. ಹಗಲೆಲ್ಲ ಜನರ ಬಾಯಿ, ಮಿಕ್ಕ ಹೊತ್ತೆಲ್ಲ ಅವರ ಹಳೇ ಕಾರು. ಅಜ್ಜನ ಕಾಲದ ಕಾರಂತೆ, ಎಷ್ಟೋ ವರ್ಷ ಕೋಳಿಗಳು ಅದರೊಳಗೆ ಮೊಟ್ಟೆ ಇಟ್ಟುಕೊಂಡು ಸುಖವಾಗಿದ್ದವಂತೆ. ಅದನ್ನು ಬಿಚ್ಚಿ, ತಿಕ್ಕಿ, ಮತ್ತೆ ಜೋಡಿಸಿ ಹಳೇ ಕಾರುಗಳ ಪ್ರದರ್ಶನಕ್ಕೆ ಒಯ್ಯಬೇಕೆಂಬ ಹುಚ್ಚು ಅವರಿಗೆ. ಅದರ ಹೆಡ್‌ಲೈಟಿನ ಗಾಜು ಬೀಳದಂತೆ ಸುತ್ತ ಹಿಡಿದಿಡಲು ಒಂದೊಂದು ಹಿತ್ತಾಳೆಯ ಬಳೆ ಇರುತ್ತದೆ, ಊಟದ ತಟ್ಟೆಯಷ್ಟು ಅಗಲ. ಎಡಗಡೆಯ ದೀಪದ್ದು ಉಳಿದಿತ್ತು, ಬಲಗಡೆಯದು ಎಲ್ಲೋ ಬಿದ್ದು ಹೋಗಿತ್ತು. ಉಳಿದ ಬಳೆಗೂ ಯಾರೋ ಒಂದರ ಮೇಲೊಂದರಂತೆ ಕಪ್ಪು ಪೇಂಟ್ ಬಳಿದಿದ್ದರು. ಒಳಗಿನ ಹಿತ್ತಾಳೆಯನ್ನು ಡಾಕ್ಟರೂ ಕಂಡವರಲ್ಲ.

"ಮಾರ್ಕೆಟ್ಟಲ್ಲಿ ಹೊಸದು ಸಿಗುತ್ತಮ್ಮ, ಆದ್ರೆ ಅದು ಬಂಗಾರದ ಬಣ್ಣ ಬಳಿದ ತಗಡು," ಎಂದರು ಡಾಕ್ಟರು. "ನಂಗೆ ಅಸಲಿ ಎರಕದ್ದೇ ಬೇಕು. ಇದರ ಪೇಂಟ್ ತೆಗೆದು, ಇದನ್ನೇ ನೋಡಿ ಇನ್ನೊಂದು ಮಾಡಿ. ಎರಡನ್ನೂ ಒಂದೇ ಹೊಳಪಿಗೆ ತನ್ನಿ. ಆದ್ರೆ ಹಳೇದು ಯಾವ್ದು, ಹೊಸದು ಯಾವ್ದು ಅಂತ ನನಗೆ ಹೇಳಿ ಕೊಡ್ಬೇಕು. ಅಲ್ಲಿ ಕೇಳ್ತಾರೆ. ಹೊಸದನ್ನ ಹಳೇದು ಅಂತ ಸುಳ್ಳು ಹೇಳಿದ್ರೆ ಕಾರನ್ನೇ ಹೊರಗೆ ಹಾಕ್ತಾರೆ."

"ನಿಮ್ಮ ಹತ್ರ ಹಲ್ಲು ಕಟ್ಟಿಸ್ಕೊಂಡೋರು ಕಟ್ಟಿಸಿದ್ದು ಯಾವ್ದು ಅಂತ ಊರಿಗೆಲ್ಲ ತೋರಿಸ್ಕೊಂಡು ತಿರುಗ್ತಾರಾ, ಡಾಕ್ಟ್ರೇ?" ಎಂದರು ಅತ್ತೆ.

ಡಾಕ್ಟರು ಬಿದ್ದು ಬಿದ್ದು ನಕ್ಕರು. ಹೋಗುವಾಗ ದೀಪ, ಗಾಜು ಎರಡನ್ನೂ ನಮ್ಮಲ್ಲೇ ಬಿಟ್ಟರು. ಮಾರನೆಯ ದಿನ ತಾವು ಹಲ್ಲಿನ ಅಚ್ಚು ತೆಗೆಯಲು ಬಳಸುವ ಪ್ಲಾಸ್ಟರಿನ ಒಂದು ಡಬ್ಬವನ್ನೂ ಕಳಿಸಿಕೊಟ್ಟರು. ನಮ್ಮ ಜೇಡಿಮಣ್ಣಿಗಿಂತ ಅದು ಸಣ್ಣ ಗೆರೆಯನ್ನೂ ಬಿಡದೆ ಹಿಡಿಯುತ್ತದೆಂದು ಹೇಳಿದ್ದರು. ಅತ್ತೆ ಮೊದಲು ಮೂಗು ಮುರಿದರು, ಕಲಸಿ ನೋಡಿದ ಮೇಲೆ ಅದನ್ನು ಬಿಡಲೇ ಇಲ್ಲ.

ಪೇಂಟ್ ಕೆರೆದು ತೆಗೆದವರು ಅತ್ತೆಯೇ. ಆ ಬಳೆಯನ್ನು ಅವರು ನನ್ನ ಕೈಗೆ ಕೊಡಲೇ ಇಲ್ಲ. ಬೆಂಚಿನ ಮೇಲೆ ಬಗ್ಗಿ ಕೂತು, ಎಣ್ಣೆ ಸವರಿ, ಪ್ಲಾಸ್ಟರಿನಲ್ಲಿ ಒತ್ತಿ ಅಚ್ಚು ತೆಗೆದರು. ಅಚ್ಚಿನೊಳಗೆ ಮೇಣ ಹೊಯ್ದು ಮೇಣದ ಬಳೆ ಮಾಡಿಕೊಂಡರು. ಬಿಸಿ ಹಿತ್ತಾಳೆ ತಣ್ಣಗಾದಾಗ ಸ್ವಲ್ಪ ಕುಗ್ಗುತ್ತದೆ. ಇದ್ದ ಅಳತೆಗೇ ಹೊಯ್ದರೆ ಗಾಜಿಗೆ ಕೂರುವುದಿಲ್ಲ. ಅದಕ್ಕೇ ಮೇಣದ ಬಳೆಯನ್ನು ಅಲ್ಲಲ್ಲಿ ಕತ್ತರಿಸಿ, ಉಗುರಿನಷ್ಟು ತೆಳುವಾದ ಮೇಣದ ಚೂರು ಸೇರಿಸಿ, ಬೆರಳಿನಿಂದ ತೀಡಿ ಒಂದು ಮಾಡಬೇಕು. ಎಷ್ಟು ಸೇರಿಸಬೇಕು ಎಂಬುದು ಅತ್ತೆಯ ಹೆಬ್ಬೆರಳಿಗೆ ಗೊತ್ತು. ನಾನು ಇವತ್ತಿಗೂ ಕ್ಯಾಲಿಪರ್ ಹಿಡಿದೇ ಅಳೆಯುವವಳು.

ಮೇಣದ ಬಳೆಗೆ ಮಣ್ಣು ಮೆತ್ತಿ, ಒಣಗಿಸಿ, ಕಾಯಿಸಿ ಮೇಣ ಹರಿಸಿದ ಮೇಲೆ ನಾನು ಎರಕ ಹೊಯ್ದೆ. ಬಣ್ಣ ಹೊಂದಲಿ ಎಂದು ತಾಮ್ರ ಒಂದು ಚೂರು ಜಾಸ್ತಿ ಹಾಕಿದ್ದೆ. ಮರುದಿನ ಮಣ್ಣು ಒಡೆಯುವ ಹೊತ್ತಿಗೆ ನಾನು ಇದ್ದಿಲು ತರಲು ಹೋಗಿದ್ದೆ. ವಾಪಸ್ಸು ಬಂದಾಗ ಅತ್ತೆ ಇಕ್ಕಳದಲ್ಲಿ ಒಂದು ಬಳೆ ಹಿಡಿದು ನನಗಾಗಿಯೇ ಕಾಯುತ್ತಿದ್ದರು.

"ನೋಡು ನಿನ್ನ ಚಂದ! ಅಂಚೆಲ್ಲ ಗಾಳಿ ಹಿಡಿದಿದೆ. ಹಾಕು ಮೂಸೆಗೆ, ಮತ್ತೆ ಹೊಯ್ಯೋಣ," ಎಂದರು.

ನೋಡಿದೆ. ಅಂಚಿನುದ್ದಕ್ಕೂ ಸಣ್ಣ ಸಣ್ಣ ಗುಂಡಿ. ಲೋಹ ಅತಿ ಕಾದು ಗಾಳಿ ಹಿಡಿದರೆ ಹೀಗಾಗುತ್ತದೆ, ಅಂದರೆ ತಪ್ಪು ನನ್ನದು. ನಾಚಿಕೆಯಾಯಿತು, ನಾಚಿಕೆಯಾದರೆ ನನಗೆ ಸಿಟ್ಟು ಬರುತ್ತದೆ. "ನಿಮ್ಮ ಮಣ್ಣು ಸರಿಯಾಗಿ ಒಣಗಿರ್ಲಿಲ್ಲ," ಎಂದೆ. "ನನ್ನ ಮಣ್ಣಿನ ಸುದ್ದಿಗೆ ಬರ್ಬೇಡ," ಎಂದರು ಅವರು. ಹೀಗೆ ಬೈದಾಡುತ್ತಲೇ ಬಳೆಯನ್ನು ಗರಗಸದಲ್ಲಿ ತುಂಡು ಮಾಡಿ ಮೂಸೆಗೆ ಹಾಕಿದೆ. ಅತ್ತೆ ಅದೇ ಅಚ್ಚಿನಿಂದ ಮತ್ತೊಂದು ಮೇಣದ ಬಳೆ ತೆಗೆದರು, ನಾನು ಮತ್ತೆ ಹೊಯ್ದೆ. ಈ ಸಲ ಒಂದು ಗುಂಡಿಯೂ ಇಲ್ಲದೆ ಬಂತು.

ಆಮೇಲೆ ಅತ್ತೆ ಎರಡು ಬಳೆಗಳನ್ನೂ ಮುಂದಿಟ್ಟುಕೊಂಡು ಅರ ಹಾಕಿ, ಬಟ್ಟೆಯಲ್ಲಿ ತಿಕ್ಕಿ, ಒಂದೇ ಹೊಳಪಿಗೆ ತಂದರು. ಯಜಮಾನರು ಒಂದನ್ನು ಎತ್ತಿ ಅದರಲ್ಲಿ ತಮ್ಮ ಮುಖ ನೋಡಿಕೊಂಡು, "ಪರವಾಗಿಲ್ಲ," ಎಂದರು. ಅವರ ಬಾಯಲ್ಲಿ ಅಷ್ಟು ಬಂದರೆ ದೊಡ್ಡದು. ನಾನು ಒಳಗೊಳಗೇ ಹಿಗ್ಗಿದೆ.

ಡಾಕ್ಟರು ಬರಬೇಕಿದ್ದ ದಿನ ಬೆಳಿಗ್ಗೆ, ಬಟ್ಟೆ ಸುತ್ತಿಡೋಣವೆಂದು ಅತ್ತೆಯನ್ನು ಕೇಳಿದೆ. "ಅತ್ತೆ, ಇದರಲ್ಲಿ ನೀವು ಮಾಡಿದ್ದು ಯಾವ್ದು?"

ಅವರು ಒಂದನ್ನು ಎತ್ತಿಕೊಂಡು ಅಂಚಿನ ಮೇಲೆ ಹೆಬ್ಬೆರಳು ಓಡಿಸಿದರು. "ಇದು ನನ್ನದು," ಎಂದರು. ನಾನು ಅದನ್ನು ಕಿಟಕಿಯ ಕಡೆಗೆ ಇಟ್ಟೆ.

ಸ್ವಲ್ಪ ಹೊತ್ತಿಗೆ ಯಜಮಾನರು ಬಂದರು. ಬಂದವರು ಸುಮ್ಮನಿರಬಾರದೇ? ಎರಡನ್ನೂ ಎತ್ತಿ, ಅದಲುಬದಲು ಮಾಡಿ, ಅತ್ತೆಯ ಮುಂದೆ ಹಿಡಿದು, "ಅಮ್ಮ, ನಿನ್ನದು ಯಾವ್ದು ಹೇಳು ನೋಡೋಣ," ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅತ್ತೆ ಈ ಸಲ ಇನ್ನೊಂದನ್ನು ಎತ್ತಿಕೊಂಡರು. ಅದೇ ಹೆಬ್ಬೆರಳು, ಅದೇ ಸಮಾಧಾನ.

"ಇದು ನನ್ನದು," ಎಂದರು.

"ಅಲ್ಲ ಅತ್ತೆ, ಆಗ್ಲೇ ಅದು ಅಂದ್ರಲ್ಲ?"

"ಅದೂ ನನ್ನದೇ."

"ಎರಡೂ ನಿಂದೇ ಆದ್ರೆ ಡಾಕ್ಟರದ್ದು ಎಲ್ಲಿ?" ಎಂದರು ಯಜಮಾನರು.

"ಡಾಕ್ಟರದ್ದು ಡಾಕ್ಟರ ಹತ್ರ ಇರುತ್ತೆ. ನನ್ನ ಕೇಳಿದ್ರೆ?" ಎಂದು ಹೇಳಿ ಅತ್ತೆ ಮತ್ತೆ ತಮ್ಮ ಅರ ಎತ್ತಿಕೊಂಡರು.

ಯಜಮಾನರು ನನ್ನ ಮುಖ ನೋಡಿದರು. ಅವರಿಗೆ ಗೆದ್ದ ಖುಷಿಯೇನೂ ಇರಲಿಲ್ಲ, ಅಮ್ಮನಲ್ಲವೇ. ನನ್ನನ್ನು ಅಂಗಡಿಯ ಕಡೆಗೆ ಕರೆದು, "ನೋಡಿದ್ಯಲ್ಲ? ತನ್ನ ಕೈಯಲ್ಲಿ ಮಾಡಿದ್ದು ಅವಳಿಗೇ ಗೊತ್ತಾಗ್ತಿಲ್ಲ. ಸಂಜೆ ಬೆಂಚು ತೆಗೀತೀನಿ. ನೀನು ಅಡ್ಡ ಬರ್ಬೇಡ," ಎಂದರು.

"ಡಾಕ್ಟರು ಬರೋವರೆಗೂ ಸುಮ್ನಿರಿ. ಯಾವ್ದು ಅಂತ ನಾನು ಕಂಡುಹಿಡೀತೀನಿ," ಎಂದೆ.

ಹೇಳುವುದೇನೋ ಹೇಳಿದೆ, ಹೇಗೆಂದು ನನಗೂ ತೋಚಲಿಲ್ಲ. ತಕ್ಕಡಿಯಲ್ಲಿಟ್ಟೆ, ಎರಡೂ ಸಮ. ಕ್ಯಾಲಿಪರಿನಿಂದ ಅಳೆದೆ, ಎರಡೂ ಸಮ. ದಾರ ಕಟ್ಟಿ ನೇತುಹಾಕಿ ಕೀಲಿಯಿಂದ ಬಡಿದು ನಾದ ಕೇಳಿದೆ, ಎರಡೂ ಒಂದೇ ರಾಗ. ಡಾಕ್ಟರು ಬಿಟ್ಟುಹೋಗಿದ್ದ ಗಾಜಿನ ಮೇಲೆ ಕೂರಿಸಿದೆ, ಎರಡೂ ಲಕ್ಷಣವಾಗಿ ಕೂತವು. ಹೊರಗೆ ಬಿಸಿಲಿಗೆ ಒಯ್ದು ಬಣ್ಣ ನೋಡಿದೆ. ಮೊದಲು ಇದು ಕೆಂಪು ಅನ್ನಿಸಿತು, ಕಣ್ಣು ಮುಚ್ಚಿ ತೆರೆದರೆ ಇನ್ನೊಂದು ಕೆಂಪು. ನಾನೇ ತಾಮ್ರ ಹಾಕಿ ಹೊಂದಿಸಿದ ಬಣ್ಣ, ಈಗ ನನಗೇ ಕೈ ಕೊಟ್ಟಿತ್ತು. ಒಂದು ಹಂತದಲ್ಲಿ ಎರಡನ್ನೂ ಮೂಸಿ ನೋಡಿದೆ ಎಂದರೆ ನನ್ನ ಅವಸ್ಥೆ ಲೆಕ್ಕ ಹಾಕಿ.

ಅತ್ತೆಯ ಮೇಲೆ ಸಿಟ್ಟು ಬಂತು, ಒಂದು ಗುರುತು ಹಾಕಿಡಬಾರದಿತ್ತೇ ಎಂದು. ನನ್ನ ಮೇಲೂ ಬಂತು. ಈ ಕಾರು, ಕೋಳಿ, ಡಾಕ್ಟರು ಎಲ್ಲರ ಮೇಲೂ ಬಂತು. ಕಿಟಕಿಯ ಪಕ್ಕ ಅತ್ತೆ ಯಾವುದೋ ಕೀಲಿಗೆ ಅರ ಹಾಕುತ್ತ ಗುನುಗುತ್ತಿದ್ದರು. ಸಂಜೆಗೆ ಆ ಜಾಗ ಖಾಲಿಯಾಗುತ್ತದೆ ಎಂದುಕೊಂಡು ಬಳೆಗಳನ್ನು ಮತ್ತೆ ಕೈಗೆತ್ತಿಕೊಂಡೆ.

ಹಾಗೇ ಒಂದು ಬಳೆಯ ಒಳಗಿನ ಕಾಲುವೆಯಲ್ಲಿ ಬೆರಳು ಓಡಿಸುತ್ತಿದ್ದೆ, ಗಾಜು ಕೂರುವ ಸಣ್ಣ ತೋಡು ಅದು. ಒಂದು ಕಡೆ ಸಾಸಿವೆ ಕಾಳಿನಷ್ಟು ಏನೋ ಬೆರಳಿಗೆ ತಗುಲಿತು. ಬಗ್ಗಿ ನೋಡಿದರೆ ಪುಟ್ಟ ಗುಂಡನೆಯ ಉಬ್ಬು. ಅಲ್ಲಿಗೆ ಅರದ ತುದಿ ಹೋಗುವುದಿಲ್ಲ, ಅದಕ್ಕೇ ಉಳಿದುಕೊಂಡಿತ್ತು. ಪ್ಲಾಸ್ಟರ್ ಕಲಸುವಾಗ ಒಂದು ಗಾಳಿಗುಳ್ಳೆ ಸೇರಿದ್ದರೆ ಅಚ್ಚಿನಲ್ಲಿ ಸಣ್ಣ ತೂತು ಉಳಿಯುತ್ತದೆ, ಆ ತೂತಿಗೆ ಮೇಣ ಹೋಗುತ್ತದೆ, ಮೇಣದ ಜಾಗಕ್ಕೆ ಹಿತ್ತಾಳೆ ಬರುತ್ತದೆ. ಅಂದರೆ ಅಚ್ಚಿನಿಂದ ಹುಟ್ಟಿದ ಬಳೆಗೆ ಮಾತ್ರ ಆ ಉಬ್ಬು ಇರಬೇಕು. ಅಚ್ಚು ತೆಗೆಯಲು ಕೊಟ್ಟ ಹಳೇ ಬಳೆಗೆ ಅದು ಎಲ್ಲಿಂದ ಬರಬೇಕು?

"ರೀ! ಸಿಕ್ತು! ಬನ್ನಿ ಇಲ್ಲಿ!" ಎಂದು ಕೂಗಿಕೊಂಡೆ. ಅದೇ ಹೊತ್ತಿಗೆ ಡಾಕ್ಟರು ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದರು. ಯಜಮಾನರು ಅವರನ್ನೂ ಕರೆದುಕೊಂಡೇ ಒಳಗೆ ಬಂದರು.

ನಾನು ಬಡಬಡನೆ ಎಲ್ಲ ವಿವರಿಸಿದೆ. "ಇದು ನಮ್ಮದು, ಅದು ನಿಮ್ಮದು, ಡಾಕ್ಟ್ರೇ. ಮುಗೀತು," ಎಂದೆ. ಯಜಮಾನರ ಕಡೆ ಬೇಕೆಂದೇ ತಿರುಗಿ ನೋಡಿದೆ. ಡಾಕ್ಟರಿಗೆ ನಾನು ಹೇಳಿದ್ದು ಒಂದೇ ಮಾತಿಗೆ ಅರ್ಥವಾಯಿತು, ದಿನವೂ ಪ್ಲಾಸ್ಟರಿನ ಜೊತೆ ಹೆಣಗುವವರು. "ಹೌದೌದು, ಗುಳ್ಳೆ. ನನಗೂ ಇದರ ಕಾಟ ತಪ್ಪಿದ್ದಲ್ಲ," ಎಂದು ಹೇಳುತ್ತಾ ಜೇಬಿನಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ತೆಗೆದು ಆ ಉಬ್ಬನ್ನು ನೋಡಿ ಖುಷಿಪಟ್ಟರು. ಆಮೇಲೆ ಅಭ್ಯಾಸದಂತೆ ಇನ್ನೊಂದು ಬಳೆಯ ತೋಡಿನಲ್ಲೂ ಕನ್ನಡಿ ಓಡಿಸಿದರು. ಓಡಿಸುತ್ತಿದ್ದ ಕೈ ಒಂದು ಕಡೆ ನಿಂತಿತು.

"ಇದರಲ್ಲೂ ಇದೆಯಲ್ಲಮ್ಮ," ಎಂದರು.

"ಏನು?"

"ಅದೇ ಗುಳ್ಳೆ. ಅದೇ ಜಾಗದಲ್ಲಿ."

ಕಿತ್ತುಕೊಂಡು ಬೆರಳು ಹಾಕಿದೆ. ಸಾಸಿವೆ ಕಾಳು ಅಲ್ಲಿಯೂ ಇತ್ತು. ಹಳೇ ಬಳೆಗೂ ಹೇಗೆ ಬಂತು? ಮೊದಲೇ ಇತ್ತೇ? ಇದ್ದಿದ್ದರೆ ಅದು ಪ್ಲಾಸ್ಟರಿನ ಗುಳ್ಳೆಯೇ ಅಲ್ಲವಲ್ಲ? ಡಾಕ್ಟರು ಒಂದನ್ನು ಈ ಕೈಯಲ್ಲಿ, ಒಂದನ್ನು ಆ ಕೈಯಲ್ಲಿ ಹಿಡಿದು ನಿಂತಿದ್ದರು. "ಎರಡೂ ಕಡೆ ಗುಳ್ಳೆಯ ಹಿಂದೆ ಸಣ್ಣ ಬಾಲ ಕೂಡ ಒಂದೇ ಥರ ಇದೆ. ಇಂಥ ಬಾಲ ಪ್ಲಾಸ್ಟರಿನ ಗುಳ್ಳೆಗೆ ಮಾತ್ರ ಬರೋದು, ಹಳೇ ಬಳೆಯಲ್ಲಿ ಇರೋಕೆ ಸಾಧ್ಯ ಇಲ್ಲ. ಇವೆರಡೂ ನನ್ನ ಪ್ಲಾಸ್ಟರಿಂದಲೇ ಬಂದಿರೋದು," ಎಂದು ನಿಧಾನವಾಗಿ ಹೇಳಿ, "ಹಾಗಾದ್ರೆ ನನ್ನ ಬಳೆ ಎಲ್ಲಿ?" ಎಂದು ಕೇಳಿದರು.

ಆಗ ನನಗೆ ಗೊತ್ತಾಯಿತು. ಇಕ್ಕಳದಲ್ಲಿ ಅತ್ತೆ ಎತ್ತಿ ಹಿಡಿದಿದ್ದ ಆ ಬಳೆ, ಅಂಚಿನ ತುಂಬ ಗುಂಡಿ. ಅದು ಗಾಳಿ ಹಿಡಿದ ಎರಕ ಆಗಿರಲಿಲ್ಲ. ಎಷ್ಟೋ ವರ್ಷ ಪೇಂಟಿನ ಕೆಳಗೆ ನೀರು ಸೇರಿ ತಿಂದುಹಾಕಿದ ಹಳೇ ಹಿತ್ತಾಳೆ. ಮೇಣದಲ್ಲಿ ಆ ಗುಂಡಿಗಳನ್ನೆಲ್ಲ ಅತ್ತೆ ತೀಡಿ ಮುಚ್ಚಿದ್ದರು, ನಮ್ಮ ಮೊದಲ ಎರಕ ಚೆನ್ನಾಗಿಯೇ ಬಂದಿತ್ತು. ಅತ್ತೆ ಅದನ್ನು ಬೆಂಚಿನ ಮೇಲೆ ಉಳಿಸಿಕೊಂಡು, ಡಾಕ್ಟರ ಬಳೆಯನ್ನು ನನ್ನ ಕೈಗೆ ಕೊಟ್ಟಿದ್ದರು. ನಾನು ಅದನ್ನು ಕಣ್ಣಾರೆ ನೋಡಿ, ಹೌದು ಕೆಟ್ಟಿದೆ ಎಂದುಕೊಂಡು, ತುಂಡು ಮಾಡಿ ಮೂಸೆಗೆ ಹಾಕಿದ್ದೆ. ಬೆಳಿಗ್ಗೆ ಅತ್ತೆ ಇದು ನನ್ನದು, ಅದೂ ನನ್ನದೇ ಎಂದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವರ ಹೆಬ್ಬೆರಳು ತಪ್ಪಿರಲಿಲ್ಲ, ತಲೆ ತಪ್ಪಿತ್ತು.

ಯಜಮಾನರು ನಿಧಾನವಾಗಿ ಅಮ್ಮನ ಕಡೆಗೆ ತಿರುಗುತ್ತಿದ್ದರು. ಅವರ ಬಾಯಿ ತೆರೆಯುವುದರೊಳಗೆ ನನ್ನ ಬಾಯಿ ತೆರೆದಿತ್ತು.

"ನಾನು ಕರಗಿಸಿಬಿಟ್ಟೆ, ಡಾಕ್ಟ್ರೇ. ಅಂಚೆಲ್ಲ ಗುಂಡಿ ಇತ್ತು. ಕೆಟ್ಟ ಎರಕ ಅಂದ್ಕೊಂಡು ನಾನೇ ಮೂಸೆಗೆ ಹಾಕ್ದೆ."

"ಅಮ್ಮ ಕೊಟ್ಟಿದ್ದಾ?" ಎಂದರು ಯಜಮಾನರು.

ಇದೊಂದು ಪ್ರಶ್ನೆಗೆ ನಾನು ಏನು ಹೇಳುತ್ತೇನೋ ಅದರ ಮೇಲೆ ಬೆಂಚು ನಿಂತಿತ್ತು. ನಿಜ ಹೇಳಿದರೆ ಅತ್ತೆ ಸಂಜೆಗೆ ಎದ್ದು ಹೋಗಬೇಕು. ಸುಳ್ಳು ಹೇಳಿದರೆ ನಾಳೆ ಮೂಸೆಗೆ ಇನ್ನೇನು ಬೀಳುತ್ತದೋ ಯಾರಿಗೆ ಗೊತ್ತು. ಯೋಚಿಸಲು ಪುರುಸೊತ್ತಿದ್ದರೆ ಏನು ಹೇಳುತ್ತಿದ್ದೆನೋ ನನಗೇ ತಿಳಿಯದು.

"ಇಲ್ಲ. ಅವರು ಒಳಗಿದ್ರು. ಬೆಂಚಿನ ಮೇಲೆ ಎರಡಿತ್ತು, ನಾನೇ ನೋಡಿ ತಗೊಂಡೆ," ಎಂದೆ.

ಡಾಕ್ಟರು ಇದ್ದಿಲಿನ ಚೀಲದ ಮೇಲೆ ಹಾಗೇ ಕುಸಿದು ಕೂತರು. ಬಿಳಿ ಪ್ಯಾಂಟು ಎಂಬುದೂ ನೆನಪಿರಲಿಲ್ಲ ಪಾಪ. "ಅಜ್ಜ ಕಾರು ತಂದ ದಿನದಿಂದ ಅದರ ಮೈಮೇಲೆ ಉಳಿದಿದ್ದ ಹಿತ್ತಾಳೆ ಅದೊಂದೇ, ಅಮ್ಮ," ಎಂದರು. ಕೂಗಾಡಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಅವರು ಕೂಗಾಡಲಿಲ್ಲ, ಅದೇ ನನಗೆ ಕಷ್ಟವಾಯಿತು. ಆಮೇಲೆ ತಲೆ ಎತ್ತಿ ಮೂಸೆಯ ಕಡೆ ನೋಡಿದರು.

"ಕರಗಿಸಿ ಏನು ಮಾಡಿದ್ರಿ?"

"ಅದರಲ್ಲೇ ಇನ್ನೊಂದು ಬಳೆ ಹೊಯ್ದೆ."

"ಅಂದ್ರೆ ಇವೆರಡರಲ್ಲಿ ಒಂದು ನನ್ನದೇ ಹಿತ್ತಾಳೆ?"

"ಹೌದು."

"ಯಾವ್ದು?"

"ಗೊತ್ತಿಲ್ಲ, ಡಾಕ್ಟ್ರೇ."

"ಅದನ್ನ ಹಳೇದು ಅನ್ಬೇಕಾ, ಹೊಸದು ಅನ್ಬೇಕಾ?"

"ಅದೂ ಗೊತ್ತಿಲ್ಲ."

ಅವರು ಎರಡು ಬಳೆಗಳನ್ನೂ ಮತ್ತೆ ಮತ್ತೆ ತಿರುಗಿಸಿ ನೋಡಿದರು. ಅವರಿಗೆ ಒಮ್ಮೆ ನಗು ಬಂದಂತಾಯಿತು, ಒಮ್ಮೆ ಕಣ್ಣು ತುಂಬಿದಂತಾಯಿತು. ಎರಡೂ ಹೊಸದು ಎಂದೇ ಹೇಳಿಬಿಡುತ್ತೇನೆ, ಸುಳ್ಳಂತೂ ಆಗುವುದಿಲ್ಲವಲ್ಲ ಎಂದು ತಮಗೇ ಹೇಳಿಕೊಳ್ಳುತ್ತ ದೀಪ, ಗಾಜು, ಬಳೆ ಎಲ್ಲವನ್ನೂ ಎತ್ತಿಕೊಂಡು ಹೊರಟರು. ಬಾಗಿಲಲ್ಲಿ ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಬೇಕೆಂದು ಕೇಳುವ ಮುಖ ನನಗೂ ಇರಲಿಲ್ಲ.

ಅಷ್ಟರಲ್ಲಿ ಅತ್ತೆ ಬೆಂಚಿನಿಂದ ಎದ್ದು ಬಂದರು. ನಡೆದದ್ದನ್ನೆಲ್ಲ ಕೇಳಿಸಿಕೊಂಡಿದ್ದರು.

"ಗಿರಾಕಿ ಮಾಲನ್ನ ಮೂಸೆಗೆ ಹಾಕ್ತಾರೇನೇ ಯಾರಾದ್ರೂ? ನಿನ್ನ ಕಣ್ಣೇನು ಹೊಲ ಕಾಯೋಕೆ ಹೋಗಿತ್ತಾ? ಇಷ್ಟು ವರ್ಷ ನನ್ನ ಪಕ್ಕ ನಿಂತು ಇದೇನಾ ಕಲಿತಿದ್ದು? ಗಾಳಿ ಹಿಡಿದ ಗುಂಡಿ ದುಂಡಗಿರುತ್ತೆ, ಒಳಗೆ ಹೊಳೀತಿರುತ್ತೆ. ವಯಸ್ಸಾದ ಹಿತ್ತಾಳೆಯಲ್ಲಿ ನೀರು ತಿಂದ ಗುಂಡಿ ಅಡ್ಡಾದಿಡ್ಡಿ ಇರುತ್ತೆ, ತಳ ಕಪ್ಪಗಿರುತ್ತೆ. ನನ್ನ ಕೈಗೆ ಒಂದು ಸಲ ಕೊಟ್ಟಿದ್ರೆ ಮುಟ್ಟಿ ಹೇಳ್ತಿದ್ದೆ!"

ಅವರು ಹೇಳಿದ ಪ್ರತಿಯೊಂದು ಮಾತೂ ಸರಿಯಿತ್ತು. ನಾನು ತಲೆ ತಗ್ಗಿಸಿ ನಿಂತೆ. ಇಷ್ಟು ವರ್ಷಗಳಲ್ಲಿ ಅತ್ತೆಯ ಮಾತಿಗೆ ನಾನು ಎದುರು ಮಾತು ಕೊಡದೆ ನಿಂತದ್ದು ಅದೇ ಮೊದಲು. ಯಜಮಾನರು ಅಮ್ಮನನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಏನೋ ಇಳಿದುಹೋದ ನಿರಾಳ ಕಾಣುತ್ತಿತ್ತು, ಪುಟ್ಟ ಹುಡುಗನ ಹಾಗೆ.

"ಅಮ್ಮನಿಗೆ ಎಲ್ಲ ನೆನಪಿದೆ. ನಾನೇ ಸುಮ್ನೆ ಹೆದರ್ಕೊಂಡೆ," ಎಂದರು. ಆಮೇಲೆ ನನ್ನ ಕಡೆ ತಿರುಗಿ ರೇಗಿದರು. "ಅಮ್ಮನ ಮೇಲೆ ಕಣ್ಣಿಡು ಅಂದ್ರೆ ನೀನೇ ಹೀಗೆ ಮಾಡ್ಕೊಂಡು ಕೂತಿದೀಯಲ್ಲ! ಸ್ವಲ್ಪ ದಿನ ಕುಲುಮೆ ಹತ್ರ ಹೋಗ್ಬೇಡ ನೀನು. ಬೆಂಚು ಇರ್ಲಿ ಬಿಡು ಅಲ್ಲೇ." ಹೀಗೆಂದು ಡಾಕ್ಟರನ್ನು ಸಮಾಧಾನ ಮಾಡಲು ಅವರ ಹಿಂದೆಯೇ ಓಡಿದರು.

ಹಿಂದಿನ ನಲ್ಲಿಯ ಹತ್ತಿರ ಹೋಗಿ ಕೈ ತೊಳೆಯತೊಡಗಿದೆ. ಕೈಗೆ ಮಸಿಯೇನೂ ಹತ್ತಿರಲಿಲ್ಲ, ಆದರೂ ತೊಳೆದೆ. ಗೆದ್ದೆನೋ ಸೋತೆನೋ ಗೊತ್ತಾಗಲಿಲ್ಲ. ಬೆಂಚು ಉಳಿಯಿತು, ಸರಿ. ಇನ್ನು ಮೇಲೆ ನಾನು ಕುಲುಮೆಯ ಹತ್ತಿರ ಇಲ್ಲದಿದ್ದರೆ ಅತ್ತೆಯ ಕೈಯಿಂದ ಬಂದದ್ದನ್ನು ನೋಡುವವರು ಯಾರು? ಇದ್ದಾಗಲೂ ನಾನು ನೋಡಿದ್ದೇನು? ಇದನ್ನು ಯಾರ ಹತ್ತಿರವೂ ಹೇಳಿಕೊಳ್ಳುವಂತಿರಲಿಲ್ಲ. ನೀರು ಬಿಟ್ಟುಕೊಂಡು ಗೊಳೋ ಎಂದು ಅತ್ತುಬಿಟ್ಟೆ.

ಬೆನ್ನ ಮೇಲೆ ಒಂದು ಕೈ ಬಂತು. ಅತ್ತೆ ಯಾವಾಗ ಬಂದು ನಿಂತಿದ್ದರೋ. ನಲ್ಲಿ ನಿಲ್ಲಿಸಿ, ತಮ್ಮ ಸೆರಗಿನಿಂದ ನನ್ನ ಮುಖ ಒರೆಸಿದರು. ಸುತ್ತ ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ನೋಡಿ ದನಿ ತಗ್ಗಿಸಿದರು.

"ಅಳ್ಬೇಡ ಸುಮ್ನಿರು. ನಿನಗೂ ವಯಸ್ಸಾಗ್ತಾ ಬಂತಲ್ಲ, ಒಂದೊಂದು ಸಲ ಹೀಗೆ ಮರ್ತುಹೋಗುತ್ತೆ. ಇನ್ಮೇಲೆ ಏನು ಮಾಡೋದಿದ್ರೂ ನನ್ನ ಕೇಳು, ಅವನಿಗೆ ಗೊತ್ತಾಗೋದು ಬೇಡ. ಅವನು ಏನೇ ಅಂದ್ರೂ ನಿನ್ನನ್ನ ಇಲ್ಲಿಂದ ಎಬ್ಬಿಸೋಕೆ ನಾನು ಬಿಡಲ್ಲ," ಎಂದರು.